ಮುಟ್ಟು ನಿಂತ ಮೇಲಿನ ಹಾರ್ಮೋನು ಮಾತ್ರೆ: ಹೆದರಿಕೆಯೂ ಬೇಡ, ಹುಡುಗಾಟವೂ ಬೇಡ

ಮುಂಬಯಿ ಮಹಾನಗರ ಹಾಗೂ ಉಪನಗರಗಳಲ್ಲಿ ಮಹಿಳಾ ವಿಭಾಗವಿಲ್ಲದ ಕನ್ನಡ ಸಂಘವನ್ನು ಹುಡುಕುವುದು ಕಷ್ಟ. ಅರಸಿನ ಕುಂಕುಮ, ಭಜನೆ, ಆಟಿಯ ತಿನಿಸುಗಳ ಕೂಟ, ರಂಗೋಲಿ ಸ್ಪರ್ಧೆ, ವಾರ್ಷಿಕೋತ್ಸವದ ನೃತ್ಯ, ಪ್ರತಿಯೊಂದರ ಹಿಂದೆಯೂ ದುಡಿಯುವವರು ನಮ್ಮ ಮಾತೆಯರು, ಸೋದರಿಯರು. ಇವರಲ್ಲಿ ಹೆಚ್ಚಿನವರು ನಲ್ವತ್ತೈದರಿಂದ ಅರುವತ್ತರ ಒಳಗಿನವರು. ಮಕ್ಕಳು ಒಂದು ಹಂತಕ್ಕೆ ಬಂದ ಮೇಲೆ ಸಮಾಜಕ್ಕಾಗಿ ಸಮಯ ಕೊಡುವವರು. ವರ್ಷಕ್ಕೊಮ್ಮೆ ಸಂಘಗಳು ಏರ್ಪಡಿಸುವ ಉಚಿತ ವೈದ್ಯಕೀಯ ಶಿಬಿರಗಳಲ್ಲೂ ಹೆಸರು ನೋಂದಾಯಿಸುವ ಮೇಜಿನ ಹಿಂದೆ ಕುಳಿತಿರುವವರು ಇವರೇ. ಆ ಶಿಬಿರಗಳಲ್ಲಿ ರಕ್ತದೊತ್ತಡ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಕಣ್ಣು, ಹಲ್ಲು ತಪಾಸಣೆ ಮಾಡಿ ಕನ್ನಡಕವನ್ನೂ ಕೊಡುತ್ತಾರೆ. ಇವೆಲ್ಲ ಶ್ಲಾಘನೀಯ. ಆದರೆ ಆ ಹೆಂಗಸರ ವಯಸ್ಸಿಗೇ ವಿಶೇಷವಾಗಿ ಸೇರಿದ ಒಂದು ವಿಷಯಕ್ಕೆ ಅಲ್ಲಿ ಹೆಚ್ಚಾಗಿ ಜಾಗವಿರುವುದಿಲ್ಲ. ಅದು ಋತುಬಂಧ, ಅರ್ಥಾತ್ ಮುಟ್ಟು ನಿಲ್ಲುವ ಕಾಲ ಮತ್ತು ಅದಕ್ಕೆ ಕೊಡುವ ಹಾರ್ಮೋನು ಚಿಕಿತ್ಸೆ.

ಇದನ್ನು ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಕೆಲವರು ಹುಬ್ಬೇರಿಸಬಹುದು. ಬರೆಯಲೇಬೇಕು ಎಂಬುದು ನಮ್ಮ ನಿಲುವು. ಏಕೆಂದರೆ ಮಾತನಾಡದೆ ಉಳಿದುದರಿಂದಲೇ ನಮ್ಮ ಹೆಂಗಸರು ಎರಡು ಬಗೆಯ ತೊಂದರೆಗೆ ಸಿಲುಕಿದ್ದಾರೆ. ಒಂದು ವರ್ಗದವರು ರಾತ್ರಿಯಿಡೀ ನಿದ್ದೆಯಿಲ್ಲದೆ, ಫ್ಯಾನಿನ ಕೆಳಗೂ ಬೆವರಿ, ಬೆಳಗ್ಗೆ ಏಳುವ ಮುನ್ನವೇ ಸುಸ್ತಾಗಿ, "ಇದೆಲ್ಲ ಹೆಂಗಸರಿಗೆ ಇದ್ದದ್ದೇ" ಎಂದು ವರ್ಷಗಟ್ಟಲೆ ಸಹಿಸುತ್ತಾರೆ. ಇನ್ನೊಂದು ವರ್ಗದವರು ಯಾರೋ ಹೇಳಿದರೆಂದು ಮಾತ್ರೆ ತೊಡಗಿಸಿ, ಯಾವಾಗ ನಿಲ್ಲಿಸಬೇಕು ಎಂದು ಯಾರನ್ನೂ ಕೇಳದೆ ವರ್ಷಾನುವರ್ಷ ನುಂಗುತ್ತಾರೆ. ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಲ್ಲಿ ಒಬ್ಬರು "ಹಾರ್ಮೋನು ಎಂದರೆ ಕ್ಯಾನ್ಸರ್, ಮುಟ್ಟಲೇಬೇಡ" ಎನ್ನುತ್ತಾರೆ. ಇನ್ನೊಬ್ಬರು "ನನಗೆ ಅದರಿಂದಲೇ ಜೀವ ಬಂತು" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಯಾರ ಮಾತೂ ಪೂರ್ಣ ಸತ್ಯವಲ್ಲ.

ಋತುಬಂಧ ಎಂದರೇನು?

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಋತುಬಂಧವಾಯಿತೆಂದು ವೈದ್ಯರು ಹೇಳುತ್ತಾರೆ. ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಯಾರಿಸುವುದು ಕಡಿಮೆಯಾಗುವುದೇ ಇದಕ್ಕೆ ಕಾರಣ. ಇದು ರೋಗವಲ್ಲ, ದೇಹದ ಸಹಜ ಘಟ್ಟ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ 51ರ ಸುಮಾರಿಗೆ ಬರುವ ಈ ಘಟ್ಟ ನಮ್ಮ ದೇಶದಲ್ಲಿ 46-47ರ ಹೊತ್ತಿಗೇ ಬರುತ್ತದೆ. ಈಸ್ಟ್ರೋಜನ್ ಕೇವಲ ಗರ್ಭಕೋಶಕ್ಕೆ ಸಂಬಂಧಿಸಿದ್ದಲ್ಲ. ಮೂಳೆ, ರಕ್ತನಾಳ, ಚರ್ಮ, ಮೂತ್ರಕೋಶ, ಮಿದುಳು ಎಲ್ಲದರ ಮೇಲೂ ಅದರ ಪ್ರಭಾವವಿದೆ. ಹಾಗಾಗಿಯೇ ಅದು ಇಳಿದಾಗ ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆಗೇಡು, ಸಿಟ್ಟು, ಮೂತ್ರದ ಉರಿ, ದಾಂಪತ್ಯದಲ್ಲಿ ನೋವು ಹೀಗೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಇದು ತಿಳಿಯದಂತೆಯೇ ಕಳೆದುಹೋಗುತ್ತದೆ. ಆದರೆ ಪದೇ ಪದೇ ಮೈ ಬಿಸಿಯೇರುವ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕಿಂತಲೂ ಹೆಚ್ಚು ಕಾಲ ಉಳಿಯುತ್ತದೆ ಎಂದು ಅಮೆರಿಕದ ಒಂದು ದೀರ್ಘ ಅಧ್ಯಯನ 2015ರಲ್ಲಿ ತಿಳಿಸಿತು. ಏಳು ವರ್ಷ ನಿದ್ದೆಗೆಡುವುದು ಸಣ್ಣ ವಿಷಯವಲ್ಲ.

ಕೊರತೆಯಾದ ಹಾರ್ಮೋನನ್ನು ಹೊರಗಿನಿಂದ ಕೊಡುವುದೇ ಹಾರ್ಮೋನು ಚಿಕಿತ್ಸೆ. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜನ್ ಒಂದೇ ಸಾಕು. ಗರ್ಭಕೋಶ ಇರುವವರಿಗೆ ಅದರ ಜತೆಗೆ ಪ್ರೊಜೆಸ್ಟರಾನ್ ಗುಂಪಿನ ಇನ್ನೊಂದು ಹಾರ್ಮೋನು ಸೇರಿಸಲೇಬೇಕು. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹೊಗಳಿಕೆಯ ಕಾಲ, ಹೆದರಿಕೆಯ ಕಾಲ

ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆಗೆ ಅಮೆರಿಕದಲ್ಲಿ 1942ರಲ್ಲಿ ಅನುಮತಿ ದೊರೆಯಿತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯರು 'ಫೆಮಿನಿನ್ ಫಾರೆವರ್' ಎಂಬ ಪುಸ್ತಕ ಬರೆದು, ಋತುಬಂಧವೆಂದರೆ ಕೊರತೆಯ ರೋಗ, ಈಸ್ಟ್ರೋಜನ್ ನುಂಗಿದರೆ ಯೌವನ ಉಳಿಯುತ್ತದೆ ಎಂಬರ್ಥದ ಪ್ರಚಾರ ಮಾಡಿದರು. ಮಾತ್ರೆಯ ಮಾರಾಟ ಏರಿತು. ಆದರೆ 1975ರಲ್ಲಿ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡ ಹೆಂಗಸರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತಿರುವುದು ಬೆಳಕಿಗೆ ಬಂತು. ಆ ಬಳಿಕವೇ ಎರಡನೆಯ ಹಾರ್ಮೋನನ್ನು ಸೇರಿಸಿ ಕೊಡುವ ಪದ್ಧತಿ ಬಂದದ್ದು.

ಎಂಬತ್ತು, ತೊಂಬತ್ತರ ದಶಕದಲ್ಲಿ ಮಾತ್ರೆ ನುಂಗುವವರಲ್ಲಿ ಹೃದಯಾಘಾತ ಕಡಿಮೆ ಎಂದು ಕೆಲವು ಅಧ್ಯಯನಗಳು ಸೂಚಿಸಿದವು. ಆದರೆ ಆ ಮಾತ್ರೆ ನುಂಗುತ್ತಿದ್ದವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು, ಆರೋಗ್ಯದ ಬಗ್ಗೆ ಕಾಳಜಿಯುಳ್ಳವರು. ಒಳ್ಳೆಯದಾದದ್ದು ಮಾತ್ರೆಯಿಂದಲೋ ಅವರ ಜೀವನಕ್ರಮದಿಂದಲೋ ಎಂಬುದು ಸ್ಪಷ್ಟವಿರಲಿಲ್ಲ. ಇದನ್ನು ತೀರ್ಮಾನಿಸಲೆಂದು ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆಯು 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಎಂಬ ಬೃಹತ್ ಪರೀಕ್ಷೆಯನ್ನು ಕೈಗೊಂಡಿತು. 50ರಿಂದ 79 ವರ್ಷದ 27,347 ಹೆಂಗಸರು ಅದರ ಹಾರ್ಮೋನು ವಿಭಾಗದಲ್ಲಿ ಸೇರಿದರು. ಅರ್ಧದಷ್ಟು ಮಂದಿಗೆ ನಿಜವಾದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ.

2002ರ ಜುಲೈಯಲ್ಲಿ, ಸರಾಸರಿ 5.2 ವರ್ಷ ಕಳೆದಿದ್ದಾಗ, ಎರಡು ಹಾರ್ಮೋನು ಸೇರಿದ ಮಾತ್ರೆಯ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ. 26 ಹೆಚ್ಚು ಎಂಬ ಶೀರ್ಷಿಕೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 9 ಕೋಟಿಯಷ್ಟಿದ್ದ ಹಾರ್ಮೋನು ಚೀಟಿಗಳು ಒಂದೇ ವರ್ಷದಲ್ಲಿ 6 ಕೋಟಿಗಿಂತ ಕೆಳಗಿಳಿದವು. ಆ ಹೆದರಿಕೆ ನಮ್ಮ ದೇಶಕ್ಕೂ ಬಂದು ಇಂದಿಗೂ ಉಳಿದಿದೆ.

ಅಂಕಿಗಳನ್ನು ಓದುವ ಬಗೆ

ಶೇಕಡಾ ಲೆಕ್ಕವನ್ನು ಬದಿಗಿಟ್ಟು ತಲೆಯೆಣಿಕೆಯಲ್ಲಿ ನೋಡೋಣ. ಹುಸಿ ಮಾತ್ರೆ ನುಂಗಿದ 10,000 ಹೆಂಗಸರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಕಾಣಿಸಿದರೆ, ನಿಜ ಮಾತ್ರೆ ನುಂಗಿದ 10,000 ಮಂದಿಯಲ್ಲಿ 38 ಮಂದಿಗೆ ಕಾಣಿಸಿತು. ಹೃದ್ರೋಗ 30ರಿಂದ 37ಕ್ಕೆ ಏರಿತು. ಪಾರ್ಶ್ವವಾಯು 21ರಿಂದ 29ಕ್ಕೆ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು 8ರಿಂದ 16ಕ್ಕೆ ಏರಿದವು. ಅದೇ ಸಮಯದಲ್ಲಿ ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ, ದೊಡ್ಡ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ ಇಳಿದವು. ಒಟ್ಟು ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಪಾಯವಿತ್ತು, ನಿಜ. ಆದರೆ ನುಂಗಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂಬ ಮಾತು ಈ ಅಂಕಿಗಳಲ್ಲಿ ಎಲ್ಲಿಯೂ ಇಲ್ಲ.

ಇನ್ನೊಂದು ಮುಖ್ಯ ಸಂಗತಿ ಶೀರ್ಷಿಕೆಗಳ ಅಬ್ಬರದಲ್ಲಿ ಮರೆತುಹೋಯಿತು. ಪರೀಕ್ಷೆಗೆ ಸೇರಿದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು-ಹನ್ನೆರಡು ವರ್ಷ ಕಳೆದ ಮೇಲೆ ಅವರಲ್ಲಿ ಅನೇಕರು ಮೊದಲ ಮಾತ್ರೆ ನುಂಗಿದ್ದರು. ಬಿಸಿಯೇರುವಿಕೆಯಿಂದ ಕಂಗೆಟ್ಟು ವೈದ್ಯರ ಬಳಿ ಹೋಗುವ ನಲ್ವತ್ತೆಂಟರ ಹೆಂಗಸಿನ ಕಥೆ ಅದಲ್ಲ. 2007ರಲ್ಲಿ ಅದೇ ಪರೀಕ್ಷೆಯ ಅಂಕಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, ಋತುಬಂಧದ ಹತ್ತು ವರ್ಷದೊಳಗೆ ತೊಡಗಿದವರಲ್ಲಿ ಹೃದ್ರೋಗ ಹೆಚ್ಚಾದುದು ಕಾಣಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ತೊಡಗಿದವರಲ್ಲಿ ಅಪಾಯ ಏರಿತ್ತು.

ಗರ್ಭಕೋಶ ತೆಗೆಸಿಕೊಂಡಿದ್ದ 10,739 ಮಂದಿಯ ಮೇಲೆ ನಡೆದ ಈಸ್ಟ್ರೋಜನ್ ಮಾತ್ರದ ಪರೀಕ್ಷೆಯನ್ನೂ 2004ರಲ್ಲಿ ನಿಲ್ಲಿಸಲಾಯಿತು. ಅಲ್ಲಿ ಪಾರ್ಶ್ವವಾಯು ಹೆಚ್ಚಿತ್ತು, ಮೂಳೆ ಮುರಿತ ಕಡಿಮೆಯಾಗಿತ್ತು, ಆದರೆ ಸ್ತನ ಕ್ಯಾನ್ಸರ್ ಏರಿರಲಿಲ್ಲ. ಇನ್ನು 65 ದಾಟಿದ ಮೇಲೆ ಎರಡೂ ಹಾರ್ಮೋನು ತೊಡಗಿದವರಲ್ಲಿ ಮರೆಗುಳಿತನದ ಕಾಯಿಲೆ ದುಪ್ಪಟ್ಟಾದುದು 2003ರಲ್ಲಿ ತಿಳಿದುಬಂತು. ನೆನಪಿನ ಶಕ್ತಿ ಉಳಿಸಲು ಮುಪ್ಪಿನಲ್ಲಿ ಈ ಮಾತ್ರೆ ತೊಡಗುವುದು ತಪ್ಪು ಎಂಬುದು ಅಂದೇ ಸಿದ್ಧವಾಯಿತು.

ದೀರ್ಘಕಾಲದ ಲೆಕ್ಕ

ಆ ಪರೀಕ್ಷೆಯಲ್ಲಿ ಭಾಗವಹಿಸಿದವರನ್ನು ಸಂಶೋಧಕರು ಅಲ್ಲಿಗೇ ಕೈಬಿಡಲಿಲ್ಲ. ಹದಿನೆಂಟು ವರ್ಷಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಹಾರ್ಮೋನು ತೆಗೆದುಕೊಂಡವರಲ್ಲಿ ಶೇ. 27.1, ಹುಸಿ ಮಾತ್ರೆಯವರಲ್ಲಿ ಶೇ. 27.6 ಮಂದಿ ತೀರಿಕೊಂಡಿದ್ದರು. ಅಂದರೆ ಐದೇಳು ವರ್ಷ ಈ ಮಾತ್ರೆ ನುಂಗಿದುದರಿಂದ ಆಯುಷ್ಯ ಕಡಿಮೆಯೂ ಆಗಲಿಲ್ಲ, ಹೆಚ್ಚೂ ಆಗಲಿಲ್ಲ.

ಸ್ತನ ಕ್ಯಾನ್ಸರಿನ ಮಾತು ಬೇರೆ. ಜಗತ್ತಿನ 58 ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದು 2019ರಲ್ಲಿ ಬಂತು. ಅದರ ಪ್ರಕಾರ ಪಾಶ್ಚಾತ್ಯ ದೇಶಗಳಲ್ಲಿ ಹಾರ್ಮೋನು ತೆಗೆದುಕೊಳ್ಳದ 100 ಹೆಂಗಸರಲ್ಲಿ 50ರಿಂದ 69ರ ನಡುವೆ ಸುಮಾರು 6 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಐವತ್ತರಲ್ಲಿ ತೊಡಗಿ ಐದು ವರ್ಷ ಪ್ರತಿದಿನ ಎರಡೂ ಹಾರ್ಮೋನು ತೆಗೆದುಕೊಂಡವರಲ್ಲಿ ಅದು 8 ಆಗುತ್ತದೆ. ಅಂದರೆ 50 ಮಂದಿಯಲ್ಲಿ ಒಬ್ಬರು ಹೆಚ್ಚು. ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ 200 ಮಂದಿಗೆ ಒಬ್ಬರು ಹೆಚ್ಚು. ಹೆಚ್ಚು ವರ್ಷ ತೆಗೆದುಕೊಂಡಷ್ಟೂ ಅಪಾಯ ಏರುತ್ತದೆ. ನಿಲ್ಲಿಸಿದ ಮೇಲೂ ಸ್ವಲ್ಪ ಭಾಗ ಹತ್ತು ವರ್ಷಕ್ಕೂ ಮೀರಿ ಉಳಿಯುತ್ತದೆ. ಈಸ್ಟ್ರೋಜನ್ ಒಂದರ ವಿಷಯದಲ್ಲಿ ಮಾತ್ರ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಅಮೆರಿಕದ ಪರೀಕ್ಷೆಯ ಇಪ್ಪತ್ತು ವರ್ಷಗಳ ಲೆಕ್ಕ 2020ರಲ್ಲಿ ಬಂದಾಗ, ಅದನ್ನು ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಕಡಿಮೆಯೇ ಇತ್ತು.

ಮೂಳೆಗೆ ಈ ಚಿಕಿತ್ಸೆಯಿಂದ ಲಾಭವಿದೆ, ಆದರೆ ನಿಲ್ಲಿಸಿದ ಮೇಲೆ ಆ ರಕ್ಷಣೆ ಕ್ರಮೇಣ ಇಳಿಯುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯ ನುಂಗುವ ಮಾತ್ರೆಯಲ್ಲಿ ಹೆಚ್ಚು. ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್‌ನಲ್ಲಿ ಕಡಿಮೆ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. ಮೂತ್ರದ ಉರಿ, ಯೋನಿಯ ಶುಷ್ಕತೆ ಮಾತ್ರ ತೊಂದರೆಯಾಗಿರುವವರಿಗೆ ಅಲ್ಲಿಯೇ ಹಚ್ಚುವ ಅಲ್ಪ ಪ್ರಮಾಣದ ಕ್ರೀಮ್ ಸಾಕಾಗುತ್ತದೆ. ಅದು ರಕ್ತಕ್ಕೆ ಸೇರುವುದು ಅತಿ ಕಡಿಮೆ.

2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಔಷಧಗಳ ಮೇಲೆ 2003ರಿಂದ ಇದ್ದ ಹೃದ್ರೋಗ, ಸ್ತನ ಕ್ಯಾನ್ಸರ್, ಮರೆಗುಳಿತನದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಯುವುದಾಗಿ ಪ್ರಕಟಿಸಿತು. ಈಸ್ಟ್ರೋಜನ್ ಒಂದೇ ಇರುವ ಔಷಧಗಳ ಮೇಲಿನ ಗರ್ಭಕೋಶದ ಕ್ಯಾನ್ಸರಿನ ಎಚ್ಚರಿಕೆಯನ್ನು ಉಳಿಸಿಕೊಂಡಿತು. ಇದನ್ನು ಕೇಳಿ ಇನ್ನು ಭಯವೇ ಇಲ್ಲ ಎಂದು ತಿಳಿಯುವುದು ಬೇಡ. ಚೌಕಟ್ಟು ತೆಗೆದ ಮಾತ್ರಕ್ಕೆ ಔಷಧದ ಗುಣ ಬದಲಾಗಲಿಲ್ಲ. ಅರುವತ್ತು ವರ್ಷಗಳಲ್ಲಿ ಈ ಮಾತ್ರೆಯನ್ನು ಒಮ್ಮೆ ಅಮೃತವೆಂದರು, ಒಮ್ಮೆ ವಿಷವೆಂದರು. ಅದು ಎರಡೂ ಅಲ್ಲ, ಔಷಧ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ರೂಪದಲ್ಲಿ, ಎಷ್ಟು ಕಾಲ ಎಂಬುದರ ಮೇಲೆ ಅದರ ಒಳಿತು ಕೆಡುಕು ನಿಂತಿದೆ.

ನಮ್ಮ ಹೆಂಗಸರ ಪ್ರಶ್ನೆ

ಮೇಲಿನ ಅಂಕಿಗಳು ಬಹುತೇಕ ಪಾಶ್ಚಾತ್ಯ ಹೆಂಗಸರವು. ನಮ್ಮಲ್ಲಿ ಸ್ತನ ಕ್ಯಾನ್ಸರಿನ ಪ್ರಮಾಣ ಅಲ್ಲಿಗಿಂತ ಕಡಿಮೆ, ಆದರೂ ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಅದೇ. ಮಧುಮೇಹ, ರಕ್ತದೊತ್ತಡ ನಮ್ಮ ಮನೆಮನೆಯಲ್ಲಿವೆ. ಆದುದರಿಂದ ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಹೊಂದಿಸಲು ಆಗದು. ಪ್ರತಿಯೊಬ್ಬರನ್ನೂ ಪರೀಕ್ಷಿಸಿಯೇ ನಿರ್ಧರಿಸಬೇಕು.

ನಮ್ಮ ನಾಡಿನಲ್ಲಿ ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಸಮಸ್ಯೆಯಿದೆ. ಅದು ಬೇಗನೆ ಗರ್ಭಕೋಶ ತೆಗೆಸುವುದು. ನಮ್ಮ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಬಗ್ಗೆ 2019ರಲ್ಲಿ ಸರಕಾರ ಸಮೀಕ್ಷೆ ನಡೆಸಿದಾಗ, 82,309 ಮಂದಿಯಲ್ಲಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದುದು ಗೊತ್ತಾಯಿತು. ಮುಟ್ಟಿನ ದಿನ ಕೂಲಿ ತಪ್ಪಬಾರದೆಂಬುದೂ ಅದಕ್ಕೊಂದು ಕಾರಣ. ಕರ್ನಾಟಕದ ಕಲಬುರಗಿ ಭಾಗದಿಂದಲೂ ಇಂತಹ ದೂರುಗಳು ಕೇಳಿಬಂದಿದ್ದವು. ಬಿಹಾರ, ರಾಜಸ್ಥಾನ, ಛತ್ತೀಸಗಢದ ಪ್ರಕರಣಗಳ ಬಗ್ಗೆ 2023ರ ಏಪ್ರಿಲ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಅನಗತ್ಯ ಶಸ್ತ್ರಕ್ರಿಯೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ರಾಜ್ಯಗಳಿಗೆ ಆದೇಶಿಸಿತು.

ಇದು ಹಳ್ಳಿಯ ಕೂಲಿಯವರ ಕಥೆ, ನಮಗೇನು ಎನ್ನುವಂತಿಲ್ಲ. ನಮ್ಮ ಪರಿಚಯದ ಓರ್ವ ಸೋದರಿಗೆ ಮೂವತ್ತೆಂಟನೇ ವಯಸ್ಸಿನಲ್ಲಿ ಅತಿ ರಕ್ತಸ್ರಾವವೆಂದು ಗರ್ಭಕೋಶ ತೆಗೆದರು. ಎರಡೂ ಅಂಡಾಶಯಗಳನ್ನೂ ತೆಗೆದಿದ್ದಾರೆಂಬುದು ಅವರಿಗೆ ಗೊತ್ತಾದದ್ದು ನಾಲ್ಕು ವರ್ಷಗಳ ಬಳಿಕ, ಬೇರೊಬ್ಬ ವೈದ್ಯರು ಹಳೆಯ ಕಾಗದ ಓದಿದಾಗ. ಆ ನಾಲ್ಕು ವರ್ಷ ಅವರು ತನಗೆ ಹುಚ್ಚು ಹಿಡಿಯುತ್ತಿದೆಯೆಂದೇ ಭಾವಿಸಿದ್ದರಂತೆ. ಅಂಡಾಶಯಗಳನ್ನು ತೆಗೆದರೆ ಮರುದಿನದಿಂದಲೇ ಋತುಬಂಧ. ಮೂಳೆ ಸವೆತ, ಹೃದ್ರೋಗ ಬೇಗನೆ ಬರುವ ಸಂಭವ ಹೆಚ್ಚು. ಇಂತಹವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂಬುದೇ ಇಂದಿನ ವೈದ್ಯಕೀಯ ಸಲಹೆ. ಅರುವತ್ಮೂರರ ಹೆಂಗಸರ ಪರೀಕ್ಷೆಯಿಂದ ಹುಟ್ಟಿದ ಹೆದರಿಕೆಯನ್ನು ಮೂವತ್ತೆಂಟರ ಹೆಂಗಸಿನ ಮೇಲೆ ಹೇರಿದರೆ ಆಕೆಗೆ ಅನ್ಯಾಯವಾಗುತ್ತದೆ.

ವೈದ್ಯರ ಬಳಿ ಏನು ಕೇಳಬೇಕು?

ಸ್ತನ ಕ್ಯಾನ್ಸರ್ ಆದವರು, ಹೃದಯಾಘಾತ, ಪಾರ್ಶ್ವವಾಯು ಅಥವಾ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವುಳ್ಳವರು, ಯಕೃತ್ತಿನ ಕಾಯಿಲೆಯಿರುವವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಸಾಮಾನ್ಯವಾಗಿ ಈ ಚಿಕಿತ್ಸೆ ತೆಗೆದುಕೊಳ್ಳಬಾರದು. ಇದನ್ನು ವೈದ್ಯರು ಕೇಳದಿದ್ದರೆ ನಾವೇ ಹೇಳಬೇಕು. ತಾಯಿ, ಅಕ್ಕ, ಚಿಕ್ಕಮ್ಮನವರಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಮುಚ್ಚಿಡಬಾರದು. ನನಗೆ ಒಂದು ಹಾರ್ಮೋನೋ ಎರಡೋ, ಮಾತ್ರೆಯೋ ಪಟ್ಟಿಯೋ, ಎಷ್ಟು ಕಾಲ, ಮುಂದಿನ ತಪಾಸಣೆ ಯಾವಾಗ ಎಂಬ ನಾಲ್ಕು ಪ್ರಶ್ನೆ ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳಬೇಕು. ವರ್ಷಕ್ಕೊಮ್ಮೆಯಾದರೂ ಮತ್ತೆ ಹೋಗಿ, ಇನ್ನೂ ಬೇಕೇ ಎಂದು ವಿಚಾರಿಸಬೇಕು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ತಿಂಗಳು ತಿಂಗಳು ತರಿಸುವುದು ಅಪಾಯಕರ. ನಾದಿನಿಗೆ ಹೊಂದಿದ ಮಾತ್ರೆ ಅತ್ತಿಗೆಗೆ ಹೊಂದಬೇಕೆಂದಿಲ್ಲ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ "ತಿರುಗಿ ಮುಟ್ಟಾಯಿತು" ಎಂದು ಸುಮ್ಮನಿರದೆ ಕೂಡಲೇ ಪರೀಕ್ಷೆ ಮಾಡಿಸಬೇಕು. ಹಾರ್ಮೋನು ಬೇಡವೆನ್ನುವವರಿಗೂ, ಕೂಡದವರಿಗೂ ಬಿಸಿಯೇರುವಿಕೆಗೆ ಬೇರೆ ಔಷಧಗಳಿವೆ. ದಿನಕ್ಕೆ ಅರ್ಧ ತಾಸು ನಡಿಗೆ, ಬಿಸಿಲು, ರಾಗಿ, ಹಾಲು, ಸೊಪ್ಪು, ಎಳ್ಳು ಮೂಳೆಗೆ ಒಳ್ಳೆಯದು.

ಸಂಘಗಳು ಮಾಡಬಹುದಾದುದು

ಈ ನಗರದ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಮುಂಬಯಿಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ನಡುವೆ ಇಪ್ಪತ್ತು ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದಾಗ, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ದುಬಾರಿ ಯಂತ್ರವೇನೂ ಬೇಕಾಗಲಿಲ್ಲ. ನಮ್ಮ ಸಂಘಗಳ ಶಿಬಿರಗಳಲ್ಲಿ ಒಂದು ಪರದೆ, ಒಂದು ಮೇಜು, ಓರ್ವ ಸ್ತ್ರೀರೋಗ ತಜ್ಞೆ, ಕನ್ನಡ ಬಲ್ಲ ಓರ್ವ ದಾದಿ ಇದ್ದರೆ ಇದನ್ನು ತೊಡಗಿಸಬಹುದು. ನಮ್ಮವರಲ್ಲೇ ವೈದ್ಯರಿಗೆ ಕೊರತೆಯಿಲ್ಲ, ಕರೆದರೆ ಬರುವವರಿದ್ದಾರೆ. ಮರಾಠಿ, ಹಿಂದಿಯಲ್ಲಿ ವ್ಯವಹಾರ ಚೆನ್ನಾಗಿ ನಡೆಸುವ ನಮ್ಮ ಹೆಂಗಸರೂ ಇಂತಹ ಸಂಕೋಚದ ವಿಷಯವನ್ನು ತಾಯ್ನುಡಿಯಲ್ಲಿ ಮಾತ್ರ ಬಿಡಿಸಿ ಹೇಳಬಲ್ಲರು. ಕನ್ನಡ ಸಂಘ ಇರಬೇಕಾದುದು ಇಂತಹ ಕೆಲಸಕ್ಕಾಗಿಯೂ ಹೌದು.

ಮುಂದಿನ ಅರಸಿನ ಕುಂಕುಮದಲ್ಲಿ ಉಡುಗೊರೆಯ ಸ್ಟೀಲ್ ಪಾತ್ರೆಯ ಜತೆಗೆ ಅರ್ಧ ಗಂಟೆಯ ವೈದ್ಯಕೀಯ ಮಾತೂ ಇರಲಿ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವ ಏರ್ಪಾಡು ಮಾಡಿದರೆ ಸಂಕೋಚ ತಾನಾಗಿ ಕಳೆಯುತ್ತದೆ. ಸಂಘದ ಅಧ್ಯಕ್ಷರು, ಪದಾಧಿಕಾರಿಗಳು ಹೆಚ್ಚಾಗಿ ಗಂಡಸರು. "ಇದು ಹೆಂಗಸರ ವಿಷಯ" ಎಂದು ಅವರು ಎದ್ದು ಹೋಗುವುದು ಬೇಡ. ಮನೆಯಲ್ಲಿ ಹೆಂಡತಿ ಕಾರಣವಿಲ್ಲದೆ ಸಿಡುಕುತ್ತಾಳೆ ಎಂದು ದೂರುವವರು, ಆಕೆ ಎಷ್ಟು ರಾತ್ರಿ ನಿದ್ದೆ ಮಾಡಿಲ್ಲ ಎಂದು ಒಮ್ಮೆ ಕೇಳಲಿ.

ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ಮನೆ ಕಟ್ಟಿ ನಿಲ್ಲಿಸಿದವರಲ್ಲಿ ನಮ್ಮ ತಾಯಂದಿರ ಪಾಲು ಅರ್ಧಕ್ಕಿಂತ ಹೆಚ್ಚು. ಮುಟ್ಟು ನಿಂತ ಮೇಲೂ ಅವರ ಮುಂದೆ ಇಪ್ಪತ್ತೈದು, ಮೂವತ್ತು ವರ್ಷಗಳ ಬಾಳಿದೆ. ಆ ವರ್ಷಗಳನ್ನು ಹೇಗೆ ಕಳೆಯಬೇಕೆಂಬುದನ್ನು ಸರಿಯಾದ ಮಾಹಿತಿಯ ಮೇಲೆ ಅವರೇ ನಿರ್ಧರಿಸಲಿ. ಆ ಮಾಹಿತಿಯನ್ನು ಅವರ ಭಾಷೆಯಲ್ಲಿ ಅವರಿಗೆ ತಲುಪಿಸುವ ಹೊಣೆ ನಮ್ಮೆಲ್ಲರದು.